ಸರೋಜಳ ಇಂಟರ್‌ವ್ಯೂ ಪತ್ರ

೧೯೭೨ರಲ್ಲಿ ನಾನು ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅಧ್ಯಾಪಕನಾಗಿದ್ದೆ. ಆಗ ನನಗೆ ಮೂವತ್ತೊಂದು ವರ್ಷ. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಯಳಂದೂರಿನ ನಮ್ಮ ಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬಂದು, ಬಿ.ಕಾಂ. ತರಗತಿಗಳಿಗೆ ಅಕೌಂಟೆನ್ಸಿ ಮತ್ತು ಸ್ಟ್ಯಾಟಿಸ್ಟಿಕ್ಸ್ ಪಾಠ ಹೇಳಿ, ಸಂಜೆ ಹಿಂತಿರುಗುತ್ತಿದ್ದೆ. ಇದರ ಜೊತೆಗೆ ‘ಉನ್ನತ ಶಿಕ್ಷಣ ಮಾರ್ಗದರ್ಶನ’ ಎಂಬ ಇನ್ನೊಂದು ಜವಾಬ್ದಾರಿಯನ್ನೂ ನನ್ನ ಹೆಗಲಿಗೆ ಹಾಕಿದ್ದರು. ಅದಕ್ಕಾಗಿ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಬೀರು ಕೊಟ್ಟಿದ್ದರು. ಬೀರುವಿನೊಳಗೆ ಬೇರೆ ಬೇರೆ ಊರಿನ ಕಾಲೇಜುಗಳ ಪ್ರಾಸ್ಪೆಕ್ಟಸ್‌ಗಳಿದ್ದವು. ಯಾವ ವಿದ್ಯಾರ್ಥಿ ಎಲ್ಲಿಗೆ ಅರ್ಜಿ ಹಾಕಬಹುದು, ಸೀಟು ಸಿಗುವ ಸಾಧ್ಯತೆ ಎಷ್ಟು ಎಂದು ಅಂದಾಜು ಮಾಡಿ ಹೇಳುವುದು ನನ್ನ ಕೆಲಸ.

ನಾನು ನಿವೃತ್ತನಾಗಿ ಬಹಳ ವರ್ಷಗಳಾದವು. ಸಾವಿರಾರು ವಿದ್ಯಾರ್ಥಿಗಳು ನನ್ನ ಕೈಯಲ್ಲಿ ಓದಿ ಹೋಗಿದ್ದಾರೆ. ಅವರಲ್ಲಿ ಒಬ್ಬಳ ಅರ್ಜಿಗೆ ಆದದ್ದನ್ನು ನೆನೆದರೆ ಮಾತ್ರ ಇಂದಿಗೂ ನನ್ನ ಮೈ ಉರಿಯುತ್ತದೆ. ಆ ಉರಿಯಲ್ಲಿ ನನ್ನ ಪಾಲೂ ಇರುವುದರಿಂದ ಏನನ್ನೂ ಮುಚ್ಚಿಡದೆ ಬರೆಯುತ್ತೇನೆ.

ಆಗ ನಮ್ಮ ಕಡೆ ಮ್ಯಾನೇಜ್‌ಮೆಂಟ್ ಕೋರ್ಸ್ ಎಂಬ ಮಾತನ್ನು ಕೇಳಿದ್ದವರೇ ಕಡಿಮೆ. ಪದವಿ ಮುಗಿಸಿದವರಿಗೆ ಎರಡು ವರ್ಷ ವ್ಯವಹಾರ ನಿರ್ವಹಣೆ ಕಲಿಸುವ ಕೆಲವೇ ಸಂಸ್ಥೆಗಳು ದೇಶದಲ್ಲಿದ್ದವು. ಅಂಥ ಒಂದು ಸಂಸ್ಥೆ ಪಶ್ಚಿಮ ಭಾರತದ ದೊಡ್ಡ ನಗರವೊಂದರಲ್ಲಿತ್ತು. ಅಲ್ಲಿಗೆ ಸೇರಬೇಕಾದರೆ ಮೊದಲು ಬೆಂಗಳೂರಿನಲ್ಲಿ ಲಿಖಿತ ಪರೀಕ್ಷೆ ಬರೆಯಬೇಕು. ಅದರಲ್ಲಿ ಪಾಸಾದವರನ್ನು ಗ್ರೂಪ್ ಡಿಸ್ಕಷನ್‌ಗೆ, ಎಂದರೆ ಏಳೆಂಟು ಜನರನ್ನು ಒಂದೇ ಮೇಜಿನ ಸುತ್ತ ಕೂರಿಸಿ ಒಂದು ವಿಷಯದ ಮೇಲೆ ಮಾತಾಡಿಸುವ ಪರೀಕ್ಷೆಗೆ ಕರೆಯುತ್ತಾರೆ. ಅದಾದ ಮೇಲೆ ಇಂಟರ್‌ವ್ಯೂ. ಇಷ್ಟಲ್ಲದೆ ಕಲಿಸಿದ ಅಧ್ಯಾಪಕರು ವಿದ್ಯಾರ್ಥಿಯ ಬಗ್ಗೆ ಗುಟ್ಟಾಗಿ ಒಂದು ವರದಿ ಬರೆದು ಕಳಿಸಬೇಕು. ಅರ್ಜಿ ಪ್ರಿನ್ಸಿಪಾಲರ ಸಹಿಯೊಂದಿಗೆ ಹೋಗಬೇಕು. ನಮ್ಮ ಕಾಲೇಜಿನ ರೂಢಿಯಂತೆ ಉತ್ತರದ ವಿಳಾಸವೂ ಕಾಲೇಜಿನದೇ.

೧೯೭೧ರ ಕೊನೆಯಲ್ಲಿ ಇಬ್ಬರು ಅರ್ಜಿ ಹಾಕಿದರು. ಒಬ್ಬ ಜಗದೀಶ. ಯಳಂದೂರಿನ ಅಕ್ಕಿ ಗಿರಣಿ ಮಾಲೀಕರ ಮಗ, ನಮ್ಮ ಬೀದಿಯವನೇ. ಒಳ್ಳೆಯ ಹುಡುಗ. ಎಂಟನೇ ತರಗತಿಯಿಂದ ಹೈಸ್ಕೂಲು ಮುಗಿಯುವವರೆಗೆ ಮೈಸೂರಿನಲ್ಲಿ ಓದಿದ್ದರಿಂದ ಇಂಗ್ಲಿಷ್ ಸರಾಗವಾಗಿ ಬರುತ್ತಿತ್ತು. ಇನ್ನೊಬ್ಬಳು ಸರೋಜ. ಕೊಳ್ಳೇಗಾಲದ ನೇಕಾರರ ಬೀದಿಯ ರಾಮಲಿಂಗಯ್ಯನವರ ಮಗಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಕಾಲೇಜಿಗೆ ಬಂದರೆ ಮಾತೇ ಇಲ್ಲ. ಮೂರು ವರ್ಷವೂ ತರಗತಿಗೆ ಮೊದಲನೆಯವಳು.

ಈ ಸರೋಜ ಎರಡನೇ ವರ್ಷದಲ್ಲಿ ಮಾಡಿದ್ದ ಒಂದು ಕೆಲಸವನ್ನು ಹೇಳಲೇಬೇಕು. ಸ್ಟ್ಯಾಟಿಸ್ಟಿಕ್ಸ್ ಪಾಠಕ್ಕೆ ನಾನೊಂದು ಅಭ್ಯಾಸ ಕೊಟ್ಟಿದ್ದೆ. ಸ್ವಂತವಾಗಿ ಅಂಕಿಅಂಶ ಸಂಗ್ರಹಿಸಿ ಒಂದು ಪಟ್ಟಿ ಮಾಡಿ, ಅದರಿಂದ ಏನು ತಿಳಿಯುತ್ತದೆಂದು ಬರೆಯಬೇಕು. ಉಳಿದವರೆಲ್ಲ ತರಗತಿಯ ಹುಡುಗರ ಎತ್ತರ ಅಳೆದು ತಂದರು. ಸರೋಜ ಆರು ವಾರ ತನ್ನ ಬೀದಿಯ ಇಪ್ಪತ್ತೆರಡು ಮಗ್ಗಗಳನ್ನು ನೋಡಿಕೊಂಡು ಕೂತಿದ್ದಳು. ಯಾವ ಮಗ್ಗ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು ಎಂದು ಬರೆದಿದ್ದಳು. ನೇಕಾರರು ಸೋಮಾರಿಗಳು, ಅದಕ್ಕೇ ಸೀರೆ ತಡವಾಗುತ್ತದೆ ಎಂಬುದು ನೇಯಿಸುವ ಧಣಿಗಳ ಮಾತು. ಸರೋಜಳ ಪಟ್ಟಿ ಬೇರೆಯದನ್ನೇ ಹೇಳುತ್ತಿತ್ತು. ಧಣಿಗಳು ಎಲ್ಲರಿಗೂ ಹಾಸಿನ ನೂಲನ್ನು, ಎಂದರೆ ಸೀರೆಯ ಉದ್ದದ ಎಳೆಗಳನ್ನು, ಸೋಮವಾರ ಒಂದೇ ದಿನ ಕೊಡುತ್ತಾರೆ. ಅದನ್ನು ಮಗ್ಗಕ್ಕೆ ಕೂಡಿಸಿ ಕಟ್ಟಬಲ್ಲವರು ಬೀದಿಯಲ್ಲಿ ಇಬ್ಬರೇ. ಅವರ ಕೈಗಾಗಿ ಉಳಿದವರು ಎರಡು ದಿನ, ಮೂರು ದಿನ ಕಾದು ಕೂರುತ್ತಾರೆ. ನೂಲನ್ನು ವಾರದ ನಾಲ್ಕು ದಿನಕ್ಕೆ ಹಂಚಿ ಕೊಟ್ಟರೆ ಯಾವ ಮಗ್ಗವೂ ನಿಲ್ಲಬೇಕಾಗಿಲ್ಲ ಎಂದು ಆಕೆ ಬರೆದಿದ್ದಳು.

ದೊಡ್ಡ ಕಾರ್ಖಾನೆಗಳಲ್ಲಿ ಇಂಜಿನಿಯರುಗಳು ಸಂಬಳ ತೆಗೆದುಕೊಂಡು ಮಾಡುವ ಅಧ್ಯಯನ ಅದು. ನಾನು ಇಪ್ಪತ್ತಕ್ಕೆ ಹದಿನೆಂಟು ಅಂಕ ಕೊಟ್ಟು, ಇಂಗ್ಲಿಷ್ ಸ್ಪೆಲ್ಲಿಂಗ್ ತಪ್ಪುಗಳಿಗೆ ಎರಡು ಅಂಕ ಕಳೆದು, ‘ಗುಡ್’ ಎಂದು ಬರೆದು ಹಿಂತಿರುಗಿಸಿದೆ. ಆಮೇಲೆ ಅದನ್ನು ಮರೆತೇಬಿಟ್ಟೆ.

ಆ ವರ್ಷ ನಾನೊಂದು ಅಳತೆಪಟ್ಟಿ ತಯಾರಿಸಿದ್ದೆ. ಪ್ರವೇಶದ ಸಾಧ್ಯತೆಯನ್ನು ನೂರು ಅಂಕಕ್ಕೆ ಅಳೆಯುವ ಪಟ್ಟಿ. ತರಗತಿಯ ಅಂಕಗಳಿಗೆ ನಲವತ್ತು, ಇಂಗ್ಲಿಷಿಗೆ ಇಪ್ಪತ್ತು, ಸಾಮಾನ್ಯ ಜ್ಞಾನ ಮತ್ತು ಆಸಕ್ತಿಗಳಿಗೆ ಹದಿನೈದು, ಕುಟುಂಬದ ಹಿನ್ನೆಲೆಗೆ ಹದಿನೈದು, ಹೊರಗೆ ಇದ್ದು ಓದುವ ಅನುಕೂಲಕ್ಕೆ ಹತ್ತು. ಸ್ಟೆನ್ಸಿಲ್ ಕತ್ತರಿಸಿ ಅದರ ಪ್ರತಿಗಳನ್ನು ಸೈಕ್ಲೋಸ್ಟೈಲ್ ಮಾಡಿಸಿದ್ದೆ. ಪ್ರಿನ್ಸಿಪಾಲರು ನೋಡಿ, “ವೆರಿ ಸೈಂಟಿಫಿಕ್, ಮಹದೇವಪ್ಪ” ಎಂದು ಬೆನ್ನು ತಟ್ಟಿದ್ದರು. ನನಗೆ ಹೆಮ್ಮೆಯಾಗಿತ್ತು.

ಅರ್ಜಿಗೆ ಸಹಿ ಹಾಕುವ ಮುಂಚೆ ಇಬ್ಬರ ಬಗ್ಗೆಯೂ ನೋಟ್ ಕೊಡಿ ಎಂದು ಪ್ರಿನ್ಸಿಪಾಲರು ಕೇಳಿದರು. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಜಗದೀಶನಿಗೆ ಎಪ್ಪತ್ನಾಲ್ಕು ಅಂಕ. ಸರೋಜಳಿಗೆ ಐವತ್ತೇಳು. ಪಾಠದ ಅಂಕಗಳಲ್ಲಿ ಅವಳು ಅವನಿಗಿಂತ ಎಂಟು ಮುಂದಿದ್ದಳು. ಆದರೆ ಕುಟುಂಬದ ಹಿನ್ನೆಲೆಗೆ ಹದಿನೈದಕ್ಕೆ ಮೂರು, ಹೊರಗಿದ್ದು ಓದುವ ಅನುಕೂಲಕ್ಕೆ ಹತ್ತಕ್ಕೆ ಒಂದು ಕೊಟ್ಟಿದ್ದೆ. ಕೆಳಗೆ ಷರಾ ಬೇರೆ ಬರೆದೆ: “ಬುದ್ಧಿವಂತೆ. ಆದರೆ ನೇಕಾರ ಕುಟುಂಬ. ತಂದೆ ಮಗಳನ್ನು ಹೊರ ರಾಜ್ಯಕ್ಕೆ ಕಳಿಸುವ ಸಂಭವವಿಲ್ಲ. ಆಯ್ಕೆಯಾದರೂ ಸೇರುವುದು ಅನುಮಾನ.” ಕೆಳಗೆ ಸಹಿ, ತಾರೀಖು.

ಕಾಲೇಜಿನಿಂದ ನೇಕಾರರ ಬೀದಿಗೆ ನಡೆದರೆ ಎಂಟು ನಿಮಿಷ. ನಾನು ಹೋಗಿರಲಿಲ್ಲ. ಆ ತಂದೆಯ ಮುಖವನ್ನೂ ನೋಡಿರಲಿಲ್ಲ.

ಸಂಸ್ಥೆಗೆ ಕಳಿಸುವ ಗುಟ್ಟಿನ ವರದಿಯಲ್ಲಿ ಮಾತ್ರ ಸರೋಜಳ ಬಗ್ಗೆ ಚೆನ್ನಾಗಿಯೇ ಬರೆದೆ. ಜನವರಿಯಲ್ಲಿ ಇಬ್ಬರೂ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಬಂದರು. ಸರೋಜಳನ್ನು ಅವಳ ಅಪ್ಪನೇ ಕರೆದುಕೊಂಡು ಹೋಗಿದ್ದರು. ಈ ಸಂಗತಿ ನನಗೆ ಗೊತ್ತಾಯಿತು. ಮಗಳನ್ನು ಕಳಿಸದ ಅಪ್ಪ ಒಂದು ದಿನದ ನೇಯ್ಗೆ ಬಿಟ್ಟು ಅವಳನ್ನು ಬೆಂಗಳೂರಿಗೆ ಯಾಕೆ ಕರೆದೊಯ್ಯುತ್ತಾನೆ ಎಂದು ನನಗೆ ಹೊಳೆಯಬೇಕಿತ್ತು. ಬರೆದ ನೋಟನ್ನು ವಾಪಸ್ಸು ಪಡೆದು ತಿದ್ದಬೇಕಿತ್ತು. ಹೊಳೆಯಲಿಲ್ಲ, ತಿದ್ದಲಿಲ್ಲ.

ಮಾರ್ಚ್ ಕೊನೆಯಲ್ಲಿ ನನ್ನನ್ನು ಹನೂರಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೇಲ್ವಿಚಾರಣೆಗೆ ಹಾಕಿದರು. ಸುತ್ತಲಿನ ಶಾಗ್ಯ, ರಾಮಾಪುರ ಕಡೆಯ ಮಕ್ಕಳೆಲ್ಲ ಅಲ್ಲಿಗೇ ಬಂದು ಬರೆಯುತ್ತಿದ್ದರು. ನಾನು ಅಲ್ಲೇ ಒಂದು ರೂಮಿನಲ್ಲಿ ಉಳಿದಿದ್ದೆ. ಪರೀಕ್ಷೆ ಮುಗಿದು ಏಪ್ರಿಲ್ ಎರಡನೇ ವಾರದ ಒಂದು ಶುಕ್ರವಾರ ಮಧ್ಯಾಹ್ನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಯಳಂದೂರಿನ ಬಸ್ಸಿಗೆ ಕಾಯುತ್ತ ಜಗದೀಶ ನಿಂತಿದ್ದ.

“ನಂದು ಓಯ್ತು ಸಾ” ಎಂದ, ನಗುತ್ತಲೇ. “ಸೆಲೆಕ್ಟ್ ಆಗಿಲ್ಲ ಅಂತ ಕಾಗ್ದ ಬಂತು. ಹತ್ ದಿನ ಆಯ್ತು. ಸರೋಜಂಗೆ ಏನ್ ಬಂತು ಸಾ?”

“ನನಗೆ ಗೊತ್ತಿಲ್ಲವಲ್ಲೋ. ಅವಳು ಏನು ಹೇಳಿದಳು?”

“ಅವ್ಳಿಗೇನೂ ಬಂದಿಲ್ವಂತೆ. ಅದೆಂಗ್ ಸಾ? ಇಬ್ಬುರ್ದೂ ಒಟ್ಗೇ ಬರ್ಬೇಕಲ್ವಾ?”

ಅವನ ಪ್ರಶ್ನೆ ಸರಿಯಾಗಿತ್ತು. ನಾನು ಊರಿನ ಬಸ್ಸು ಬಿಟ್ಟು ಚೀಲ ಹಿಡಿದು ಸೀದಾ ಕಾಲೇಜಿಗೆ ನಡೆದೆ.

ಆಫೀಸಿನಲ್ಲಿ ಗುಮಾಸ್ತ ಪುಟ್ಟಸ್ವಾಮಿ ಒಬ್ಬನೇ ಇದ್ದ. ಬಂದ ಪತ್ರಗಳನ್ನು ದಾಖಲಿಸುವ ಆವಕ ರಿಜಿಸ್ಟರ್ ತೆರೆಸಿದೆ. ಹತ್ತು ದಿನಗಳ ಹಿಂದೆ ಆ ಸಂಸ್ಥೆಯಿಂದ ಎರಡು ಲಕೋಟೆ ಬಂದಿದ್ದವು. ಒಂದರ ಮುಂದೆ ‘ವಿದ್ಯಾರ್ಥಿಗೆ ಕೊಟ್ಟಿದೆ’ ಎಂದಿತ್ತು. ಇನ್ನೊಂದರ ಮುಂದೆ ‘ಫೈಲ್’ ಎಂದಿತ್ತು.

“ಎರಡನೇದು ಎಲ್ಲಿ ಪುಟ್ಟಸ್ವಾಮಿ?”

ಅವನು ನೆಲ ನೋಡಿದ. “ನನ್ನ ಕೇಳ್ಬೇಡಿ ಸಾ. ಆ ಸರೋಜಮ್ಮ ಎರಡ್ ದಪ ಬಂದು ಕೇಳ್ತು, ಕಾಗ್ದ ಬಂತಾ ಅಂತವ. ಇಲ್ಲ ಅನ್ನಿ ಅಂತ ಸಾಹೇಬ್ರು ಯೋಳಿದ್ರು. ಅಂದೆ.” ಹೀಗೆಂದವನೇ ಬೀರುವಿನಿಂದ ಫೈಲು ತೆಗೆದು ಮೇಜಿನ ಮೇಲಿಟ್ಟು, ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದ. ಅಷ್ಟು ಧೈರ್ಯ ಅವನಿಗಿತ್ತು.

ಲಕೋಟೆ ಒಡೆದಿತ್ತು. ಸರೋಜ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳು. ಬೆಂಗಳೂರಿನಲ್ಲಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಗ್ರೂಪ್ ಡಿಸ್ಕಷನ್, ಅದಾದ ಮೇಲೆ ಇಂಟರ್‌ವ್ಯೂ. ಶನಿವಾರ ಎಂದರೆ ಮರುದಿನವೇ. ಪತ್ರದ ಹಿಂದೆ ಪ್ರಿನ್ಸಿಪಾಲರು ಬರೆದ ಉತ್ತರದ ಕಾರ್ಬನ್ ಪ್ರತಿ ಪಿನ್ ಮಾಡಿತ್ತು. ಅಭ್ಯರ್ಥಿಯ ಕೌಟುಂಬಿಕ ಪರಿಸ್ಥಿತಿಯ ಕಾರಣ ಆಕೆ ಕೋರ್ಸಿಗೆ ಸೇರಲು ಸಾಧ್ಯವಿಲ್ಲ, ಅರ್ಜಿಯನ್ನು ಹಿಂತೆಗೆದುಕೊಂಡಿದೆ ಎಂದು ಪರಿಗಣಿಸಬೇಕು ಎಂಬ ನಾಲ್ಕು ಸಾಲಿನ ಇಂಗ್ಲಿಷ್ ಪತ್ರ. ಕೆಳಗೆ ಅವರೊಬ್ಬರದೇ ಸಹಿ.

ಪ್ರಿನ್ಸಿಪಾಲರ ಕೋಣೆಗೆ ಕೇಳದೆಯೇ ನುಗ್ಗಿದೆ. ಅವರು ಮದರಾಸಿನಲ್ಲಿ ಓದಿದವರು. ಕೊಳ್ಳೇಗಾಲ ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮುಂಚಿನಿಂದಲೂ ಊರಿಗೆ ಗಣ್ಯರು. ಎಂದೂ ದನಿ ಎತ್ತಿ ಮಾತಾಡಿದವರಲ್ಲ. ಬಡ ಹುಡುಗರಿಗೆ ಪುಸ್ತಕ ಕೊಡಿಸುತ್ತಿದ್ದರು. ಇದನ್ನೆಲ್ಲ ಹೇಳುತ್ತಿರುವುದು ಅವರನ್ನು ಹೊಗಳಲಿಕ್ಕಲ್ಲ. ಅವರು ದುಷ್ಟರಾಗಿದ್ದರೆ ನನ್ನ ಸಿಟ್ಟು ಎಂದೋ ಇಳಿದುಹೋಗುತ್ತಿತ್ತು.

“ಈ ಪತ್ರ ಆ ಹುಡುಗಿಗೆ ಯಾಕೆ ಕೊಡಲಿಲ್ಲ ಸಾರ್?” ಎಂದೆ.

“ಕೂತ್ಕೊಳ್ಳಿ ಮಹದೇವಪ್ಪ. ಕೊಟ್ಟು ಏನು ಮಾಡೋದು? ಇಲ್ಲದ ಆಸೆ ಹುಟ್ಟಿಸಿದ ಹಾಗಾಗುತ್ತೆ. ಅವಳು ಹಟ ಹಿಡಿದು, ಅಪ್ಪ ಸಾಲ ಸೋಲ ಮಾಡಿ, ಮದುವೆ ವಯಸ್ಸಿನ ಹುಡುಗಿ ಅಷ್ಟು ದೂರ ಹೋಗಿ ಹೆಚ್ಚು ಕಡಿಮೆ ಆದರೆ ಹೊಣೆ ಯಾರು? ನಾನು ಆ ಮನೆಗೆ ಉಪಕಾರ ಮಾಡಿದ್ದೀನಿ.”

“ಅವಳು ಸೇರೋದಿಲ್ಲ ಅಂತ ನಿಮಗೆ ಯಾರು ಹೇಳಿದರು?”

ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿಟ್ಟರು. ನನ್ನದೇ ಅಳತೆಪಟ್ಟಿ. ಷರಾದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

“ನೀವೇ” ಎಂದರು.

ಹಾಳೆಯನ್ನು ಅವರ ಕಡೆಗೆ ತಳ್ಳಿದೆ. “ಈ ಷರಾ ಸುಳ್ಳು ಸಾರ್. ನಾನು ಅವರ ಮನೆಗೆ ಹೋಗಿಲ್ಲ, ಕೇಳಿಲ್ಲ. ಕೂತಲ್ಲೇ ಬರೆದೆ” ಎಂದೆ.

“ಸುಳ್ಳಾದರೆ ಸಹಿ ಯಾಕೆ ಹಾಕಿದಿರಿ?”

ಇಂಟರ್‌ವ್ಯೂ ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

“ಅದು ಆಫೀಸಿನ ದಾಖಲೆ. ಅಲ್ಲಿ ಇಡಿ.”

“ಇದರ ಮೇಲಿರೋದು ಸರೋಜಳ ಹೆಸರು ಸಾರ್, ಆಫೀಸಿನದಲ್ಲ” ಎಂದು ಹೇಳಿ ಹೊರಬಂದೆ.

ನೇಕಾರರ ಬೀದಿಗೆ ಮೊದಲ ಸಲ ಕಾಲಿಟ್ಟಿದ್ದು ಆವತ್ತು. ಕೇಳಿದವರು ಮನೆ ತೋರಿಸಿದರು. ಒಳಗೆ ರಾಮಲಿಂಗಯ್ಯನವರು ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದರು. ಪಕ್ಕದಲ್ಲಿ ಸರೋಜ ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಎದ್ದು ನಿಂತರು. ನಾನು ಕೂರಲಿಲ್ಲ. ಪತ್ರ ಕೊಟ್ಟು, ನಡೆದದ್ದನ್ನು ನಿಂತೇ ಹೇಳಿದೆ. ಆ ಷರಾ ಬರೆದವನು ನಾನೇ ಎಂಬುದನ್ನೂ ಹೇಳಿದೆ.

ಸರೋಜ ಪತ್ರವನ್ನು ಎರಡು ಸಲ ಓದಿದಳು. ಅವಳ ಅಪ್ಪ ನನ್ನನ್ನೇ ನೋಡುತ್ತಿದ್ದರು.

“ನಾ ಕಳ್ಸಾಕಿಲ್ಲ ಅಂತ ಯಾವತ್ ಅಂದಿವ್ನಿ ಸಾ?” ಎಂದರು. ದನಿ ಏರಲಿಲ್ಲ. “ನನ್ನ ಯಾರ್ ಕೇಳುದ್ರು? ನೀವ್ ಕೇಳುದ್ರಾ? ಆ ಸಾಹೇಬ್ರು ಕೇಳುದ್ರಾ?”

“ಇಲ್ಲ ರಾಮಲಿಂಗಯ್ಯನೋರೆ.”

“ಜರಿ ತರಕೆ ಧಣಿ ಜೊತೇಲಿ ಎರಡ್ ಸಲ ಸೂರತ್ತಿಗ್ ಓಗ್ ಬಂದಿವ್ನಿ ನಾನು. ರೈಲು ಗೊತ್ತು, ಊರು ಗೊತ್ತು. ಇವ್ಳು ಓದಕ್ ಓಗೊ ಊರ್ನಲ್ಲಿ ನಮ್ ಷಡ್ಕನ್ ಮಗ ಮಿಲ್ಲಲ್ಲವ್ನೆ. ಹಾಸ್ಟೆಲ್ ಎಲ್ಲದೆ, ಎಣ್ ಮಕ್ಳು ಎಷ್ಟ್ ಜನ ಅವ್ರೆ, ಊಟ ಎಂಗೆ, ಎಲ್ಲಾವ ಇಚಾರ್ಸಿ ಬರ್ದವ್ನೆ, ನೋಡಿ.” ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಒಂದು ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. ತೆಲುಗಿನಲ್ಲಿತ್ತು. ಅಂಚೆ ಮುದ್ರೆಯ ತಿಂಗಳು ಮಾತ್ರ ನನಗೆ ತಿಳಿಯಿತು. ಡಿಸೆಂಬರ್. ನಾನು ಟೀ ಕುಡಿಯುತ್ತ ‘ಕಳಿಸುವ ಸಂಭವವಿಲ್ಲ’ ಎಂದು ಬರೆದ ತಿಂಗಳೇ.

ಆ ಸಂಸ್ಥೆಯಿದ್ದ ಊರನ್ನು ನಾನು ನಕಾಶೆಯಲ್ಲಿ ಮಾತ್ರ ನೋಡಿದ್ದೆ. ನಮ್ಮ ಪ್ರಿನ್ಸಿಪಾಲರು ಮದರಾಸು ದಾಟಿದವರಲ್ಲ. ಜಗದೀಶನ ತಂದೆಯೂ ಮೈಸೂರು, ಬೆಂಗಳೂರು ಬಿಟ್ಟು ಹೋದವರಲ್ಲ. ಅಷ್ಟು ದೂರ ಹೋಗಿ ಬಂದಿದ್ದವರು ನಾನು ಹದಿನೈದಕ್ಕೆ ಮೂರು ಅಂಕ ಕೊಟ್ಟ ಈ ಮನುಷ್ಯ ಒಬ್ಬರೇ.

ಸರೋಜ ಪತ್ರ ಮಡಿಸುತ್ತ ಕೇಳಿದಳು: “ಬೆಳಿಗ್ಗೆ ಮೊದಲ್ನೆ ಬಸ್ ಎಷ್ಟೊತ್ತಿಗೆ ಸಾ?”

ಮೊದಲ ಬಸ್ಸು ಐದೂವರೆಗಿತ್ತು. ಸತ್ತೇಗಾಲ, ಮಳವಳ್ಳಿ, ಮದ್ದೂರು ಮಾರ್ಗವಾಗಿ ಬೆಂಗಳೂರು ಸೇರುವಷ್ಟರಲ್ಲಿ ಹತ್ತೂವರೆ ದಾಟುತ್ತದೆ. ಒಂಬತ್ತರ ಗ್ರೂಪ್ ಡಿಸ್ಕಷನ್ ತಪ್ಪುವುದು ನಮಗೆ ಹೊರಡುವಾಗಲೇ ಗೊತ್ತಿತ್ತು. ಶುಕ್ರವಾರದ ಕೊನೆಯ ಬೆಂಗಳೂರು ಬಸ್ಸು ನಾನು ಅವರ ಮನೆ ಸೇರುವ ಮುಂಚೆಯೇ ಹೋಗಿತ್ತು, ಬೇರೆ ದಾರಿ ಸಿಗಲಿಲ್ಲ. ನಾವು ಮೂವರೂ ಹೊರಟೆವು. ಐದು ಗಂಟೆಯ ದಾರಿಯಲ್ಲಿ ತಂದೆ ಮಗಳು ಒಂದು ಸೀಟಿನಲ್ಲಿ, ನಾನು ಅವರ ಹಿಂದಿನ ಸೀಟಿನಲ್ಲಿ. ಸರೋಜ ಒಂದು ನೋಟ್ ಪುಸ್ತಕ ತೆರೆದುಕೊಂಡಿದ್ದಳು. ಮಗ್ಗಗಳ ಅಧ್ಯಯನದ ಆ ಹಳೆಯ ಪುಸ್ತಕ. ಸ್ಪೆಲ್ಲಿಂಗ್ ತಪ್ಪಿಗೆ ನಾನು ಎಳೆದ ಕೆಂಪು ಗೆರೆಗಳು ಹಿಂದಿನಿಂದ ನನಗೆ ಕಾಣುತ್ತಿದ್ದವು.

ಇಂಟರ್‌ವ್ಯೂ ನಡೆಯುತ್ತಿದ್ದದ್ದು ಒಂದು ಹೋಟೆಲಿನ ಮೊದಲ ಮಹಡಿಯಲ್ಲಿ. ಬಾಗಿಲಲ್ಲಿ ಮೇಜು ಹಾಕಿಕೊಂಡು ಸಂಸ್ಥೆಯ ಅಧಿಕಾರಿಯೊಬ್ಬರು ಕೂತಿದ್ದರು. ಪಟ್ಟಿ ನೋಡಿದರು. ಸರೋಜಳ ಹೆಸರಿನ ಮೇಲೆ ಗೆರೆ ಎಳೆದು ‘ವಿತ್‌ಡ್ರಾನ್’ ಎಂದು ಬರೆದಿತ್ತು. ನಿಮ್ಮ ಕಾಲೇಜೇ ಬರೆದು ತಿಳಿಸಿದೆಯಲ್ಲ, ಈಗ ಏನೂ ಮಾಡಲಾಗದು ಎಂದರು.

“ಆ ಪತ್ರದಲ್ಲಿ ಈ ಹುಡುಗಿಯ ಸಹಿ ಇದೆಯೇ?” ಎಂದು ಕೇಳಿದೆ.

ಅವರು ಫೈಲು ತೆಗೆದು ನೋಡಿದರು. ಇಲ್ಲ ಎಂದರು.

“ಅರ್ಜಿ ಹಾಕಿದವಳು ಅವಳು. ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರ ಕಾಲೇಜಿಗೆ ಎಲ್ಲಿಂದ ಬಂತು?”

ಅವರು ಪೆನ್ನು ಕೆಳಗಿಟ್ಟರು. ನಾನು ಅಲ್ಲೇ ಒಂದು ಹಾಳೆ ಕೇಳಿ ಪಡೆದು ಬರೆದೆ. ಅಭ್ಯರ್ಥಿಗೆ ಪತ್ರವನ್ನು ತಲುಪಿಸಿಲ್ಲ, ಹಿಂತೆಗೆತಕ್ಕೆ ಆಕೆಯ ಒಪ್ಪಿಗೆ ಇಲ್ಲ, ಅದಕ್ಕೆ ಆಧಾರವಾದ ಟಿಪ್ಪಣಿಯನ್ನು ಏನನ್ನೂ ವಿಚಾರಿಸದೆ ಬರೆದವನು ನಾನು, ಅದು ತಪ್ಪು. ಸಹಿ ಹಾಕಿ ಕೊಟ್ಟೆ. ಅವರು ಓದಿ, ನನ್ನ ಮುಖ ನೋಡಿ, ಒಳಗೆ ಹೋಗಿ ಬಂದರು. ಎಲ್ಲರದೂ ಮುಗಿದ ಮೇಲೆ ನೋಡೋಣ, ಕಾಯಿರಿ ಎಂದರು.

ಸಂಜೆ ನಾಲ್ಕರವರೆಗೆ ಕಾದೆವು. ಟೈ ಕಟ್ಟಿದ ಹುಡುಗರು ಒಬ್ಬೊಬ್ಬರೇ ಒಳಹೋಗಿ ನಗುತ್ತ ಹೊರಬರುತ್ತಿದ್ದರು. ಹೋಟೆಲಿನವರು ರಾಮಲಿಂಗಯ್ಯನವರ ಪಂಚೆ, ಹೆಗಲ ಟವೆಲ್ಲು ನೋಡಿ ಎರಡು ಸಲ ಏನು ಬೇಕೆಂದು ಕೇಳಿದರು. ಮೂರನೆಯ ಸಲ ಕೇಳುವ ಮುಂಚೆ ಅವರು ತಾವೇ ಎದ್ದು ಕಾಂಪೌಂಡಿನ ಮರದ ಕೆಳಗೆ ಹೋಗಿ ಕೂತರು. ನಾನೂ ಹೋಗಿ ಪಕ್ಕದಲ್ಲಿ ಕೂತೆ.

ನಾಲ್ಕೂಕಾಲಿಗೆ ಸರೋಜಳನ್ನು ಕರೆದರು. ಇಪ್ಪತ್ತೈದು ನಿಮಿಷ ಒಳಗಿದ್ದಳು. ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿನ್ನುವಾಗ ಮಾತಾಡಿದಳು.

“ಅಪ್ಪ ಏನ್ ಮಾಡ್ತಾರೆ ಅಂದ್ರು ಸಾ. ನೇಯ್ತಾರೆ ಅಂದೆ. ಮ್ಯಾನೇಜ್‌ಮೆಂಟ್ ಓದ್ಬುಟ್ಟು ಏನ್ ಮಾಡ್ತೀಯ, ಬೇಗ್ ಬೇಗ್ನೆ ನೇಯ್ತೀಯಾ ಅಂದ್ರು ಒಬ್ರು. ಎಲ್ರೂ ನಕ್ರು.”

“ಆಮೇಲೆ?”

“ನೇಯೋದು ಬೇಗ್ನೇ ಆಯ್ತದೆ, ಕಾಯೋದೇ ಜಾಸ್ತಿ ಆಗಿರಾದು ಅಂದೆ. ಎಂಗೆ ಅಂದ್ರು. ಬುಕ್ ತಗ್ದು ತೋರ್ಸ್‌ದೆ. ಆಮೇಲ್ ನಗ್ನಿಲ್ಲ ಸಾ. ಬುಕ್ಕನ್ನ ಒಬ್ರಾದ್ ಮೇಲ್ ಒಬ್ರು ನೋಡುದ್ರು.”

ರಾಮಲಿಂಗಯ್ಯನವರು ತಟ್ಟೆಯಿಂದ ತಲೆ ಎತ್ತಿ ಮಗಳನ್ನು ನೋಡಿದರು. ತಮ್ಮ ತಟ್ಟೆಯ ಇನ್ನೊಂದು ಇಡ್ಲಿಯನ್ನು ಅವಳ ತಟ್ಟೆಗೆ ಹಾಕಿದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಈ ಸಲ ಅವಳ ಮನೆಯ ವಿಳಾಸಕ್ಕೇ ಬಂದಿತ್ತು, ಅವಳು ಬೆಂಗಳೂರಿನಲ್ಲೇ ಬದಲಾಯಿಸಿ ಬರೆಸಿದ್ದಳು. ಇಂಟರ್‌ವ್ಯೂನಲ್ಲಿ ಉತ್ತಮ ಅಂಕಗಳು ಬಂದಿವೆ, ಆದರೆ ಗ್ರೂಪ್ ಡಿಸ್ಕಷನ್‌ನಲ್ಲಿ ಭಾಗವಹಿಸದ ಕಾರಣ ಆ ಅಂಕಗಳಿಲ್ಲ, ಆದ್ದರಿಂದ ಕಾಯುವ ಪಟ್ಟಿಯಲ್ಲಿ ಮಾತ್ರ ಇಡಲಾಗಿದೆ ಎಂದಿತ್ತು. ಜೂನ್ ಕಳೆಯಿತು. ಜುಲೈ ಕಳೆಯಿತು. ಆ ಪಟ್ಟಿ ಅವಳವರೆಗೆ ಬರಲಿಲ್ಲ.

ಒಂದು ದಿನ ಮುಂಚೆ ಪತ್ರ ಸಿಕ್ಕಿದ್ದರೆ ಸಾಕಿತ್ತು. ಹಿಂದಿನ ದಿನವೇ ಹೋಗಿ ಉಳಿದು ಒಂಬತ್ತಕ್ಕೆ ಸರಿಯಾಗಿ ಮೇಜಿನ ಮುಂದೆ ಕೂರುತ್ತಿದ್ದಳು. ಪತ್ರವೋ ಹತ್ತು ದಿನ ಕಾಲೇಜಿನ ಬೀರುವಿನಲ್ಲಿತ್ತು.

ಕಾಲೇಜಿನ ಆಡಳಿತ ಮಂಡಳಿಗೆ ನಾಲ್ಕು ಪುಟಗಳ ದೂರು ಬರೆದುಕೊಟ್ಟೆ. ನನ್ನ ತಪ್ಪನ್ನು ಮೊದಲ ಪುಟದಲ್ಲೇ ಬರೆದಿದ್ದೆ. ಎರಡು ತಿಂಗಳ ನಂತರ ಉತ್ತರ ಬಂತು. ಪ್ರಿನ್ಸಿಪಾಲರು ವಿದ್ಯಾರ್ಥಿನಿಯ ಹಿತದೃಷ್ಟಿಯಿಂದ ನಡೆದುಕೊಂಡಿದ್ದಾರೆ, ಆದರೆ ಅನುಮತಿಯಿಲ್ಲದೆ ಕಚೇರಿಯ ದಾಖಲೆಯನ್ನು ಹೊರಗೆ ಒಯ್ದದ್ದಕ್ಕಾಗಿ ನಿಮಗೆ ಎಚ್ಚರಿಕೆ ನೀಡಲಾಗಿದೆ ಎಂದಿತ್ತು. ಆ ಎಚ್ಚರಿಕೆಯನ್ನು ನನ್ನ ಸರ್ವಿಸ್ ರಿಜಿಸ್ಟರಿನಲ್ಲಿ ಬರೆದರು. ನಿವೃತ್ತಿಯವರೆಗೂ ಅದು ಅಲ್ಲೇ ಇತ್ತು. ನನ್ನ ದಾಖಲೆಯಲ್ಲಿ ನಾನು ಹೆಮ್ಮೆ ಪಡುವ ಸಾಲು ಅದೊಂದೇ.

ಎರಡು ವರ್ಷದ ಮೇಲೆ ಪ್ರಿನ್ಸಿಪಾಲರು ನಿವೃತ್ತರಾದರು. ದೊಡ್ಡ ಸಮಾರಂಭವಾಯಿತು. ಮಾತಾಡಿದವರೆಲ್ಲ ಅವರನ್ನು ಬಡ ವಿದ್ಯಾರ್ಥಿಗಳ ತಂದೆ ಎಂದು ಕರೆದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಚಪ್ಪಾಳೆ ತಟ್ಟಲಿಲ್ಲ. ಸೌಜನ್ಯವಿಲ್ಲದವನು ಎಂದು ಪಕ್ಕದಲ್ಲಿದ್ದವರು ಪಿಸುಗುಟ್ಟಿದ್ದು ಕೇಳಿಸಿತು. ಒಂದು ಮಗುವಿನ ಕಾಗದ ಬಚ್ಚಿಟ್ಟು ಅದನ್ನು ಉಪಕಾರವೆಂದವರಿಗೆ ಹಾರ, ಇದು ಯಾವ ಸೌಜನ್ಯ ಎಂದು ಎದ್ದು ಕೇಳಬೇಕಿತ್ತು. ಕೇಳಲಿಲ್ಲ. ಹೆಂಡತಿ, ಎರಡು ಮಕ್ಕಳು, ನೌಕರಿ ಎಂದು ಬಾಯಿ ಮುಚ್ಚಿಕೊಂಡೆ. ಅದರ ಸಿಟ್ಟೂ ನನ್ನ ಮೇಲೆ ಇದ್ದೇ ಇದೆ.

ಸರೋಜ ಆ ವರ್ಷವೆಲ್ಲ ಅಪ್ಪನ ಜೊತೆ ಮಗ್ಗಕ್ಕೆ ಕೂತಳೆಂದು ಕೇಳಿದೆ. ಮುಂದಿನ ಚಳಿಗಾಲದಲ್ಲಿ ಅವಳು ಮತ್ತೆ ಅರ್ಜಿ ಹಾಕಲು ಬರಬಹುದೆಂದು ಸ್ಟಾಫ್ ರೂಮಿನಲ್ಲಿ ಕಾದೆ. ಈ ಸಲ ಏನು ಬರೆಯಬೇಕೆಂದು ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಅವಳು ಬರಲಿಲ್ಲ.

೧೯೭೩ರ ಜೂನ್‌ನಲ್ಲಿ ಒಂದು ಮಧ್ಯಾಹ್ನ ಆಫೀಸಿನ ಮುಂದೆ ನಿಂತಿದ್ದಳು. ವರ್ಗಾವಣೆ ಪತ್ರ, ಎಂದರೆ ಟಿ.ಸಿ., ಪಡೆಯಲು ಬಂದಿದ್ದಳು. ಅದೇ ಸಂಸ್ಥೆಯಲ್ಲಿ ಸೀಟು ಸಿಕ್ಕಿತ್ತು. ಪದವಿ ಮುಗಿಸಿದವರ ಅರ್ಜಿಗೆ ಪ್ರಿನ್ಸಿಪಾಲರ ಸಹಿ ಬೇಕಿರಲಿಲ್ಲ. ಗುಟ್ಟಿನ ವರದಿಯನ್ನು ಅರ್ಥಶಾಸ್ತ್ರದ ಅಧ್ಯಾಪಕರ ಹತ್ತಿರ ಬರೆಸಿಕೊಂಡಿದ್ದಳಂತೆ. ಅವರೂ ನನಗೆ ಹೇಳಿರಲಿಲ್ಲ. ಹೇಳಬೇಡಿರೆಂದು ಅವಳೇ ಕೇಳಿಕೊಂಡಿದ್ದಳು.

“ನಿಮ್ಮತ್ರ ಬರ್ನಿಲ್ಲ ಅಂತ ಬೇಜಾರಾ ಸಾ?” ಎಂದಳು.

“ಇಲ್ಲ ಕಣಮ್ಮ. ಒಳ್ಳೇದು ಮಾಡಿದೆ.”

“ನೀವು ಬೆಂಗ್ಳೂರ್‌ಗಂಟ ಬಂದ್ರಿ. ನಿಮ್ ತಪ್ಪ ನೀವೇ ಬರ್ದ್ ಕೊಟ್ರಿ. ಅದ್ನ ನಾನಾಗ್ಲಿ ನಮ್ಮಪ್ಪ ಆಗ್ಲಿ ಮರ್ತಿಲ್ಲ” ಎಂದಳು. “ಆದ್ರೆ ಸಾ, ಮೂರ್ ವರ್ಸ ದಿನಾ ನಿಮ್ ಮುಂದ್‌ಗಡೆ ಬೆಂಚಲ್ಲೇ ಕೂತಿದ್ದೆ. ಒಂದ್ ಮಾತ ಕೇಳ್ಬೋದಾಗಿತ್ತು.”

ಅವಳು ಟಿ.ಸಿ. ತೆಗೆದುಕೊಂಡು, ಕೈ ಮುಗಿದು, ಹೊರಟುಹೋದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ. ದೊಡ್ಡ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳೆಂದು ರಾಮಲಿಂಗಯ್ಯನವರೇ ಒಮ್ಮೆ ಅಂಗಡಿ ಬೀದಿಯಲ್ಲಿ ಸಿಕ್ಕಿ ಹೇಳಿದರು. ಅಷ್ಟು ಹೇಳಿ, ಹೆಚ್ಚು ನಿಲ್ಲದೆ ಹೋದರು. ಅವರನ್ನು ನಿಲ್ಲಿಸಿಕೊಳ್ಳುವ ಹಕ್ಕು ನನಗಿರಲಿಲ್ಲ.

ಮುಂದೆ ಇಪ್ಪತ್ತೇಳು ವರ್ಷ ಅದೇ ಮಾರ್ಗದರ್ಶನದ ಕೆಲಸ ಮಾಡಿದೆ. ನನ್ನ ಪಟ್ಟಿಯ ಕೊನೆಯ ಎರಡು ಕಾಲಂಗಳನ್ನು ೧೯೭೨ರಲ್ಲೇ ಕಿತ್ತುಹಾಕಿದೆ. ಅರ್ಜಿಯ ಮೇಲೆ ವಿದ್ಯಾರ್ಥಿಯ ಮನೆಯ ವಿಳಾಸವಿಲ್ಲದಿದ್ದರೆ ಸಹಿಗೆ ಕಳಿಸುತ್ತಿರಲಿಲ್ಲ. ಯಾರ ಬಗ್ಗೆ ಬರೆಯಬೇಕಾದರೂ ಮೊದಲು ಅವರ ಮನೆಗೆ ಹೋಗಿ ಬರುತ್ತಿದ್ದೆ. ಗೋಪಿನಾಥಂನ ಹುಡುಗನೊಬ್ಬನಿಗಾಗಿ ದಿನಕ್ಕೊಂದೇ ಬಸ್ಸಿರುವ ದಾರಿಯಲ್ಲಿ ಹೋಗಿ, ಅಲ್ಲೇ ಉಳಿದು, ಮರುದಿನ ಬಂದದ್ದೂ ಉಂಟು. ಎಷ್ಟೋ ಮನೆಗಳಲ್ಲಿ ನಿಜವಾಗಿಯೂ ಕಳಿಸಲು ಆಗುವುದಿಲ್ಲ ಎಂದರು. ಆಗ ಹಾಗೆಂದೇ ಬರೆದೆ. ಆದರೆ ಅದನ್ನು ಹೇಳಿದವರು ಆ ಮನೆಯವರು. ನಾನಲ್ಲ.

ಈಗ ಪಟ್ಟಣಗಳಲ್ಲಿ ದುಡ್ಡು ತೆಗೆದುಕೊಂಡು ವಿದ್ಯಾರ್ಥಿಯ ಪ್ರವೇಶದ ಸಾಧ್ಯತೆಯನ್ನು ಲೆಕ್ಕ ಹಾಕಿ ಕೊಡುವವರಿದ್ದಾರಂತೆ. ಹಾಕಲಿ. ಅಂಕ ನೋಡಿ ಅಂದಾಜು ಮಾಡುವುದರಲ್ಲಿ ತಪ್ಪಿಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎಂದು ಬರೆಯದೆ ‘ಸಂಭವವಿಲ್ಲ’ ಎಂದು ಬರೆಯುವ ಮೇಷ್ಟರಿಂದ ಆಗುವಷ್ಟು ಕೇಡು ಯಾವ ಕಷ್ಟದ ಪ್ರಶ್ನೆಪತ್ರಿಕೆಯಿಂದಲೂ ಆಗುವುದಿಲ್ಲ. ಸರೋಜ ಒಂದು ವರ್ಷ ಕಳೆದುಕೊಂಡು ಗೆದ್ದಳು. ಆರು ವರ್ಷ ಹಾಗೆ ಕೂತಲ್ಲೇ ಎಷ್ಟೋ ಮಕ್ಕಳ ಬಗ್ಗೆ ಷರಾ ಬರೆದಿದ್ದೆನಲ್ಲ, ಅವರಲ್ಲಿ ಪತ್ರ ಬಂತೇ ಎಂದೂ ಬಂದು ಕೇಳದೆ ಸುಮ್ಮನೆ ಊರಿಗೆ ಹೋದವರು ಎಷ್ಟು ಜನ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.